ದೀಪ ಹತ್ತಿದಾಗ ನೀರು ಬೆಚ್ಚಗಿತ್ತು

ಕರಕರ ಎಂದು ಒಂದು ಸದ್ದು.

ತುಂಬಾ ಸಣ್ಣದು, ಹಳೆಯ ಕೈಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ. ಗುರುವಾರ ರಾತ್ರಿ ಹನ್ನೊಂದೂವರೆ. ನಾನು ದೀಪ ಆರಿಸಿ, ಕಣ್ಣು ತೆರೆದುಕೊಂಡೇ ಮಲಗಿದ್ದೆ. ನನ್ನದು ನೆಲಮಹಡಿಯ ಮನೆ. ಕಿಟಕಿಗೂ ಹೊರಗೆ ಸಾಲಾಗಿ ನಿಂತ ಕಾರುಗಳಿಗೂ ನಡುವೆ ಇರುವುದು ನಾಲ್ಕು ಹೆಜ್ಜೆ ಹಿಮ.

ಎದ್ದು ಪರದೆಯ ಅಂಚು ಸರಿಸಿದೆ. ಎರಡನೇ ಮಹಡಿಯ ಬಸ್ ಡ್ರೈವರ್ ತನ್ನ ಕಾರಿನ ಮುಂದಿನ ಹೀಟರ್ ಕಂಬದ ಹತ್ತಿರ ಬಗ್ಗಿ ನಿಂತಿದ್ದ. ತಗಡಿನ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗಿನ ಗಡಿಯಾರದ ಬಳೆಯನ್ನು ಮೆಲ್ಲನೆ ತಿರುಗಿಸುತ್ತಿದ್ದ. ಕಾರಿನ ಮೂತಿಯಿಂದ ಇಳಿದ ವೈರು ಆಗಲೇ ಪ್ಲಗ್ಗಿನಲ್ಲಿತ್ತು. ಅವನಿಗೆ ನಾಳೆ ಬೆಳಗಿನ ಪಾಳಿ. ನಾಲ್ಕಕ್ಕೆ ಹೊರಡಬೇಕಾದವನು ಎರಡಕ್ಕೇ ಕರೆಂಟು ಬರುವಂತೆ ಇಟ್ಟು ಮಲಗುತ್ತಾನೆ. ಎರಡು ತಾಸಿನಲ್ಲಿ ಎಂಜಿನ್ನಿನ ನೀರು ಬೆಚ್ಚಗಾಗಿರುತ್ತದೆ, ಕಾರು ಕೆಮ್ಮದೆ ಹೊರಡುತ್ತದೆ. ಚಳಿಗಾಲದಲ್ಲಿ ನಮ್ಮ ಈ ಉತ್ತರದ ಊರು ಕಯಾನಿಯಲ್ಲಿ ಎಲ್ಲರೂ ಮಾಡುವ ಕೆಲಸವೇ.

ಪರದೆ ಬಿಟ್ಟು ಮತ್ತೆ ಮಲಗಿದೆ. ಮಲಗಿದವಳು ತಟ್ಟನೆ ಎದ್ದು ಕೂತೆ.

ಹತ್ತೊಂಬತ್ತು.

ಮಧ್ಯಾಹ್ನದಿಂದ ತಲೆಯೊಳಗೆ ಕೊರೆಯುತ್ತಿದ್ದ ಸಂಖ್ಯೆ ಈಗ ಬಾಯಿಬಿಟ್ಟು ಮಾತಾಡಿತು.

ಬುಧವಾರ ನಸುಕಿನಲ್ಲಿ ಮುದುಕ ವಿಲ್ಯೊ ಸರೋವರದ ದಡದ ತನ್ನ ಒಂಟಿ ಮನೆಯಲ್ಲಿ ಒಲೆಯ ವಿಷಗಾಳಿ ಕುಡಿದು ಸತ್ತಿದ್ದ. ಕೆಂಡ ಆರುವ ಮೊದಲೇ, ಬಿಸಿ ಹೊರಹೋಗದಂತೆ ಚಿಮಣಿಗೆ ಅಡ್ಡ ಸರಿಸುವ ತಗಡನ್ನು ಪೂರ್ತಿ ಮುಚ್ಚಿದ್ದರಿಂದ ಹೀಗಾಯಿತು ಎಂದು ಪೊಲೀಸರು ಹೇಳಿದ್ದರು. ಹಿಂದಿನ ಸಂಜೆ ಒಲೆ ಹಚ್ಚಿ ಬಂದವಳು ಅವನನ್ನು ನೋಡಿಕೊಳ್ಳುತ್ತಿದ್ದ ನರ್ಸ್. ನನ್ನ ತಂಗಿ ಸೈಲಾ.

"ಒಂದು ಬೆರಳು ಹೋಗೋಷ್ಟು ಜಾಗ ಬಿಟ್ಟೇ ಬಂದಿದ್ದೆ ಅಕ್ಕಾ," ಎಂದು ಅವಳು ಬುಧವಾರದಿಂದ ಹತ್ತಾರು ಸಲ ಹೇಳಿದ್ದಳು. "ಅಷ್ಟೂ ಗೊತ್ತಿಲ್ವಾ ನಂಗೆ? ಹುಟ್ಟಿದಾಗಿನಿಂದ ಒಲೆ ನೋಡ್ತಿದೀನಿ."

ನಂಬಿದವಳು ನಾನೊಬ್ಬಳೇ. ಅವಳು ಬಿಟ್ಟು ಬಂದದ್ದನ್ನು ಆಮೇಲೆ ಇನ್ನೊಬ್ಬರು ಮುಚ್ಚಿರಬೇಕು. ಆ ಇನ್ನೊಬ್ಬರು ಯಾರೆಂದು ತೋರಿಸಲಾಗದಿದ್ದರೆ ಸೈಲಾಳ ಕೆಲಸ ಹೋಗುತ್ತದೆ. ಕೆಲಸದ ಹಿಂದೆಯೇ ಕೋರ್ಟು ಬರುತ್ತದೆ.

ಈಗ ಆ ಕಾರಿನ ವಿಷಯ.

ಗುರುವಾರ ಮಧ್ಯಾಹ್ನ, ನಾವು ಬಟಾಣಿ ಸಾರು ಮುಗಿಸಿ ಬಟ್ಟಲು ತೊಳೆಯುತ್ತಿದ್ದಾಗ, ವಿಲ್ಯೊನ ಸೋದರಳಿಯ ರೈನೆ ತನ್ನ ಕಾರನ್ನು ನಮ್ಮ ವಾಹನ ತಪಾಸಣಾ ಕೇಂದ್ರಕ್ಕೆ ತಂದ. ವರ್ಷದ ತಪಾಸಣೆಯ ಗಡುವು ಶನಿವಾರಕ್ಕೆ ಮುಗಿಯುತ್ತಿತ್ತು. ಮರುದಿನವೇ ಮಾವನ ಸಾವಿನ ಮನೆಯಿಂದ ಎದ್ದುಬಂದವನ ಹಾಗೆ ಅವನ ಮುಖವೇನೂ ಬಾಡಿರಲಿಲ್ಲ. ಅಥವಾ ನನಗೆ ಹಾಗೆ ಕಂಡಿತು. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು.

ನನ್ನ ಜೊತೆ ಕೆಲಸ ಮಾಡುವ ತೈಸ್ತೊ, ನಿವೃತ್ತಿಗೆ ಎರಡು ವರ್ಷ ಉಳಿದವರು, ಸ್ಟಿಯರಿಂಗಿನ ಹಿಂದೆ ಕೂತು ಕೀಲಿ ತಿರುಗಿಸಿ ಗೊಳ್ಳನೆ ನಕ್ಕರು.

"ಮಿರ್ವಾ, ಬಾರೆ ಇಲ್ಲಿ. ಇನ್ನೊಬ್ಬ ಡಾಕ್ಟರ್ ಬಂದಿದಾನೆ. ರೋಗಕ್ಕೆ ಪಟ್ಟಿ ಅಂಟಿಸಿದಾನೆ."

ಎಂಜಿನ್ ದೀಪ ಹತ್ತುವ ಜಾಗದ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ಒಂದು ಚೂರು ಇತ್ತು. ನಾನು ಉಗುರಿನಿಂದ ಎಬ್ಬಿಸಿದೆ. ಕೆಳಗೆ ಹಳದಿ ದೀಪ ಉರಿಯುತ್ತಿತ್ತು.

"ಕಣ್ಣಿಗೆ ಚುಚ್ತಿತ್ತು, ಅದಕ್ಕೆ," ಎಂದ ರೈನೆ. "ಪೆಟ್ರೋಲ್ ಮುಚ್ಚಳ ಸಡಿಲ ಇದ್ರೂ ಹತ್ತುತ್ತಂತಲ್ಲ ಅದು? ಆರಿಸಿಬಿಡು, ಸಾಕು."

"ಆರಿಸೋದು ನಮ್ಮ ಕೆಲಸ ಅಲ್ಲ. ಯಾಕೆ ಹತ್ತಿದೆ ಅಂತ ನೋಡೋದು ನಮ್ಮ ಕೆಲಸ."

ಆ ದೀಪ ಯಾವುದು ಕೆಟ್ಟಿದೆ ಎಂದು ಹೇಳುವುದಿಲ್ಲ. ಏನೋ ಕೆಟ್ಟಿದೆ, ನನ್ನನ್ನು ಕೇಳು ಎನ್ನುತ್ತದೆ ಅಷ್ಟೇ. ಕೇಳಬೇಕಾದರೆ ಸ್ಕ್ಯಾನರಿನ ವೈರನ್ನು ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಬೇಕು. ಸಿಕ್ಕಿಸಿದೆ. ಮೂರನೇ ಸಿಲಿಂಡರಿನ ಕಿಡಿ ಹೊತ್ತಿಸುವ ಕಾಯಿಲ್ ಸತ್ತಿತ್ತು. ಹಳೆಯ ಕಾರು, ಅಂಥ ಚಳಿ, ಅದರಲ್ಲಿ ಆಶ್ಚರ್ಯವಿಲ್ಲ.

ಆದರೆ ದೀಪ ಹತ್ತುವ ಕ್ಷಣದಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನೂ ಕಾರು ತನ್ನ ನೆನಪಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹೆಚ್ಚಿನವರಿಗೆ ಅದು ಗೊತ್ತಿರುವುದಿಲ್ಲ. ಗೊತ್ತಿದ್ದವರೂ ಅಷ್ಟು ದೂರ ಓದುವುದಿಲ್ಲ. ನಾನು ಓದುತ್ತೇನೆ. ನನ್ನ ಮನೆಯ ಬೀಗವನ್ನೂ ಎರಡು ಸಲ ಎಳೆದು ನೋಡುವವಳು ನಾನು.

ಎಂಜಿನ್ ಶುರುವಾಗಿ ಮೂವತ್ತೆಂಟು ಸೆಕೆಂಡು. ಹೊರಗಿನ ಗಾಳಿ ಸೊನ್ನೆಗಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗೆ. ಎಂಜಿನ್ನಿನ ನೀರು ಸೊನ್ನೆಗಿಂತ ಹತ್ತೊಂಬತ್ತು ಡಿಗ್ರಿ ಮೇಲೆ.

"ಯಾವಾಗ ಹತ್ತಿತು ಇದು?" ಎಂದು ಕೇಳಿದೆ.

"ಆವತ್ತು ರಾತ್ರಿಯೇ. ಮಾವನ ಫೋನ್ ಬಂದ ರಾತ್ರಿ. ಪೊಲೀಸರಿಗೂ ಹೇಳಿದೀನಿ. ಮೂರೂ ಹತ್ತಕ್ಕೆ ಫೋನು. ತಲೆ ಸಿಡೀತಿದೆ, ಎದ್ದು ನಿಲ್ಲೋಕಾಗ್ತಿಲ್ಲ ಅಂದ್ರು. ಪೈಜಾಮದಲ್ಲೇ ಓಡ್ದೆ. ಶುರು ಮಾಡಿದ ತಕ್ಷಣ ಇದು ಹತ್ತಿತು, ಗಾಡಿ ನಡುಗೋಕೆ ಶುರುವಾಯ್ತು. ಐವತ್ತೇಳು ಕಿಲೋಮೀಟರ್ ತೆವಳಿಕೊಂಡು ಹೋದೆ. ಇಲ್ಲದಿದ್ರೆ ಮಾವ ಉಳೀತಿದ್ರೋ ಏನೋ."

"ಆಂಬುಲೆನ್ಸಿಗೆ ಮೊದಲೇ ಹೇಳ್ಬಹುದಿತ್ತಲ್ಲ?"

"ನಮ್ಮ ಮಾವನ್ನ ನೋಡಿಲ್ಲ ನೀನು. ಆಂಬುಲೆನ್ಸ್ ಬಂದ್ರೆ ಕೊಡಲಿ ತಗೊಂಡು ನಿಲ್ತಿದ್ರು."

ತೈಸ್ತೊ ಕೆಮ್ಮಿದರು. ದೀಪ ಉರಿಯುತ್ತಿರುವ ಕಾರು ತಪಾಸಣೆಯಲ್ಲಿ ತೇರ್ಗಡೆಯಾಗುವುದಿಲ್ಲ. ಎದುರು ರಸ್ತೆಯ ಗ್ಯಾರೇಜಿನಲ್ಲಿ ಕಾಯಿಲ್ ಇರಲಿಲ್ಲ, ಬೆಳಗ್ಗೆ ಎಂಟಕ್ಕೆ ಬರುತ್ತದೆ ಎಂದರು. ರೈನೆ ಕಾರನ್ನು ನಮ್ಮ ಅಂಗಳದಲ್ಲೇ ಬಿಟ್ಟು ಹೋದ.

ಎಂಟಕ್ಕೆ ಕಾಯಿಲ್ ಹಾಕುತ್ತಾರೆ. ಹಾಕಿದ ಮೇಲೆ ನೆನಪು ಅಳಿಸುತ್ತಾರೆ. ಗ್ಯಾರೇಜಿನವರು ಎಲ್ಲ ಕಾರಿಗೂ ಮಾಡುವುದೇ. ದೀಪ ಆರುತ್ತದೆ, ಆ ಸಂಖ್ಯೆಗಳೂ ಹೋಗುತ್ತವೆ.

ರಾತ್ರಿ ಹಾಸಿಗೆಯ ಮೇಲೆ ಕೂತು ನಾನು ಲೆಕ್ಕ ಹಾಕಿದ್ದು ಇಷ್ಟು. ಸಂಜೆಯಿಂದ ಬಯಲಿನಲ್ಲಿ ನಿಂತ ಕಾರಿನ ನೀರು ಹೊರಗಿನ ಗಾಳಿಯಷ್ಟೇ ತಣ್ಣಗಿರಬೇಕು. ಮೂವತ್ತೆಂಟು ಸೆಕೆಂಡಿನಲ್ಲಿ ಯಾವ ಎಂಜಿನ್ನೂ ನಲವತ್ತು ಡಿಗ್ರಿ ಏರುವುದಿಲ್ಲ. ಅಂದರೆ ಆ ಕಾರು ಎರಡು ತಾಸು ಹೀಟರಿನಲ್ಲಿತ್ತು. ರಾತ್ರಿ ಒಂದು ಗಂಟೆಗೆ ಕರೆಂಟು ಬರುವಂತೆ ಯಾರೋ ಮೊದಲೇ ಗಡಿಯಾರ ತಿರುಗಿಸಿಟ್ಟಿದ್ದರು.

ಫೋನು ಬಂದದ್ದು ಮೂರೂ ಹತ್ತಕ್ಕೆ. ರೈನೆ ಹೊರಡುವುದು ಅದಕ್ಕೂ ಮೊದಲೇ ನಿಶ್ಚಯವಾಗಿತ್ತು. ಫೋನು ಬರುವುದು ಗೊತ್ತಿದ್ದವನಿಗೆ ತಗಡು ಮುಚ್ಚಿದ್ದೂ ಗೊತ್ತಿರಬೇಕು.

ಆ ಮೇಲೆ ನನಗೆ ನಿದ್ದೆ ಬರಲಿಲ್ಲ. ಭಯಕ್ಕಲ್ಲ, ಸಂತೋಷಕ್ಕೆ. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಶುಕ್ರವಾರ ಆರು ಗಂಟೆಗೆ ಕೆಲಸಕ್ಕೆ ಹೋಗುವ ಮೊದಲು ರೈನೆಯ ಅಪಾರ್ಟ್‌ಮೆಂಟಿನ ಅಂಗಳಕ್ಕೆ ಹೋದೆ. ಕತ್ತಲೆ. ಒಂದೆರಡು ಕಾರುಗಳ ಗಾಜು ಕೆರೆಯುವ ಸದ್ದು. ಏಳನೇ ನಂಬರಿನ ಕಂಬ ಅವನದು, ಕಾರಿನ ಕಾಗದದಲ್ಲಿದ್ದ ಮನೆ ನಂಬರೇ. ಜೇಬಿನ ಟಾರ್ಚ್ ಹಿಡಿದೆ.

ಅಕ್ಕಪಕ್ಕದ ಕಂಬಗಳ ಮುಚ್ಚಳಗಳು ಒರಸಿದ ಹಾಗೆ ಸ್ವಚ್ಛವಾಗಿದ್ದವು. ಏಳನೆಯದರ ಮೇಲೆ ಹಿಮ ಗಟ್ಟಿಯಾಗಿ, ಬೀಗದ ಕಣ್ಣಿನವರೆಗೂ ಮಂಜುಗಡ್ಡೆ ಇಳಿದಿತ್ತು. ಅದನ್ನು ಕ್ರಿಸ್‌ಮಸ್ಸಿನಿಂದೀಚೆಗೆ ಯಾರೂ ತೆಗೆದಿರಲಿಲ್ಲ.

"ಅದು ಕೆಟ್ಟಿದೆ," ಎಂದಳು ನಾಯಿ ಹಿಡಿದು ನಿಂತ ಒಬ್ಬ ಮುದುಕಿ. "ಹೊಸ ವರ್ಷದಿಂದ ಕರೆಂಟಿಲ್ಲ. ರಿಪೇರಿಯವನು ನಾಳೆ ನಾಳೆ ಅಂತಾನೆ. ನೀನು ಅದಕ್ಕೇ ಬಂದವಳಾ?"

"ಅಲ್ಲ," ಎಂದೆ. "ಬೇರೆಯದಕ್ಕೆ."

ಹಾಗಾದರೆ ಕಾರು ಬೇರೆ ಎಲ್ಲಿಯೋ ಬೆಚ್ಚಗಾಗಿತ್ತು. ಪೈಜಾಮದಲ್ಲಿ ಓಡಿ ಬಂದ ಕಥೆ ಅಲ್ಲಿಗೆ ಮುಗಿಯಿತು. ಎಲ್ಲಿ ಎಂಬುದೊಂದು ಉಳಿದಿತ್ತು.

ಏಳೂವರೆಗೆ ರೈನೆ ಬಂದ. ತೈಸ್ತೊ ಇನ್ನೂ ಬಂದಿರಲಿಲ್ಲ. ನಾನು ಕಾರನ್ನು ಒಳಗೆ ತಂದು ಸ್ಕ್ಯಾನರ್ ಸಿಕ್ಕಿಸಿ, ಅದೇ ಪುಟ ತೆರೆದು ಇಟ್ಟುಕೊಂಡಿದ್ದೆ. ಅವನು ಫೋನನ್ನು ನಮ್ಮ ಕೌಂಟರಿನ ಚಾರ್ಜರಿಗೆ ಹಾಕಿ, ಕೇಳದೆಯೇ ಒಂದು ಕಪ್ ಕಾಫಿ ಬಗ್ಗಿಸಿಕೊಂಡ.

"ಇನ್ನೂ ಏನು ಹುಡುಕ್ತಿದೀಯ? ಕಾಯಿಲ್ ಅಂತ ನಿನ್ನೇನೇ ಹೇಳಿದ್ಯಲ್ಲ."

"ರೈನೆ, ಆವತ್ತು ಕಾರು ಎಲ್ಲಿತ್ತು?"

"ಎಲ್ಲಿರತ್ತೆ? ಮನೆ ಮುಂದೆ."

"ಹೀಟರ್ ಹಾಕಿದ್ಯಾ?"

ಅವನು ಕಪ್ ಕೆಳಗಿಡಲಿಲ್ಲ. ಆದರೆ ಕುಡಿಯಲೂ ಇಲ್ಲ. "ಹಾಕಿರ್ಬೇಕು. ನೆನಪಿಲ್ಲ. ದಿನಾ ಹಾಕ್ತೀವಲ್ಲ."

"ನಿನ್ನ ಕಂಬಕ್ಕೆ ಹೊಸ ವರ್ಷದಿಂದ ಕರೆಂಟಿಲ್ಲ. ಬೆಳಗ್ಗೆ ಹೋಗಿ ನೋಡ್ಕೊಂಡು ಬಂದೆ."

"ನೋಡ್ಕೊಂಡು ಬಂದ್ಯಾ!" ಅವನು ನಕ್ಕ. "ನೀನು ಕಾರ್ ನೋಡೋ ಕೆಲಸ ಬಿಟ್ಟು ಪೊಲೀಸ್ ಸೇರು. ಟೋಪಿ ಚೆನ್ನಾಗಿ ಒಪ್ಪತ್ತೆ."

ನಾನು ಸ್ಕ್ಯಾನರಿನ ಪರದೆಯನ್ನು ಅವನ ಕಡೆ ತಿರುಗಿಸಿದೆ. ಬೆರಳಿಟ್ಟು ತೋರಿಸಿದೆ. ಹೊರಗೆ ಇಪ್ಪತ್ತನಾಲ್ಕು ಕೆಳಗೆ, ಒಳಗೆ ಹತ್ತೊಂಬತ್ತು ಮೇಲೆ. ನಿಧಾನವಾಗಿ, ಮಕ್ಕಳಿಗೆ ಹೇಳಿದ ಹಾಗೆ ಹೇಳಿದೆ.

"ದೀಪ ಆ ರಾತ್ರಿ ಶುರು ಮಾಡಿದ ಕೂಡ್ಲೇ ಹತ್ತಿತು ಅಂತ ನೀನೇ ಪೊಲೀಸರ ಮುಂದೆ ಸಹಿ ಹಾಕಿದೀಯ. ಕಾರು ಎರಡು ತಾಸು ಬೆಚ್ಚಗಾಗಿತ್ತು. ಯಾರೋ ಒಂದು ಗಂಟೆಗೇ ಕರೆಂಟ್ ಇಟ್ಟಿದ್ರು. ಫೋನ್ ಬರುತ್ತೆ ಅಂತ ನಿನಗೆ ಒಂದು ಗಂಟೆಗೇ ಹೇಗೆ ಗೊತ್ತಾಯ್ತು?"

ಅವನು ಪರದೆಯನ್ನು ಬಹಳ ಹೊತ್ತು ನೋಡಿದ. ಕಾಫಿಯ ಹಬೆ ಅವನ ಗಲ್ಲದ ಕೆಳಗೆ ಸುಳಿಯುತ್ತಿತ್ತು.

"ಇದನ್ನ ಯಾರಿಗೆ ಹೇಳಿದೀಯ?"

"ಲೇಸ್ಕಿನೆನ್‌ಗೆ ಹೇಳ್ತೀನಿ. ಒಂಬತ್ತಕ್ಕೆ ಸ್ಟೇಷನ್ನಿಗೆ ಬರ್ತಾರೆ." ಲೇಸ್ಕಿನೆನ್ ಈ ಪ್ರಕರಣ ನೋಡುತ್ತಿದ್ದ ಪೊಲೀಸ್ ಅಧಿಕಾರಿ.

"ಹೇಳ್ಬೇಡ ಮಿರ್ವಾ."

"ಯಾಕೆ? ನನ್ನ ತಂಗಿ ಕೋರ್ಟಿಗೆ ಹೋದ್ರೆ ನಿನಗೆ ಅನುಕೂಲ ಅಂತಾನಾ?"

"ನಿನ್ನ ತಂಗಿಗೋಸ್ಕರಾನೇ ಹೇಳ್ತಿದೀನಿ."

"ನನ್ನ ತಂಗಿ ಹೆಸರು ನಿನ್ನ ಬಾಯಲ್ಲಿ ಬೇಡ. ಕಾರು ಎಲ್ಲಿ ಬೆಚ್ಚಗಾಯ್ತು ಹೇಳು."

"ಕೇಳಲೇಬೇಕಾ?"

"ಕೇಳ್ದೆನಲ್ಲ."

ಅವನು ಕಪ್ಪನ್ನು ಟೂಲ್ ಬೆಂಚಿನ ಮೇಲಿಟ್ಟ. ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಹವೆ ಬಗ್ಗೆ ಮಾತಾಡುವ ಧ್ವನಿಯಲ್ಲಿ ಹೇಳಿದ:

"ಸೈಲಾ ಮನೆ ಹಿಂದೆ. ಶೆಡ್ಡಿನ ಗೋಡೆ ಪ್ಲಗ್ಗಿನಲ್ಲಿ. ಗಡಿಯಾರ ತಿರುಗಿಸಿದ್ದು ಅವಳೇ. ಯಾವಾಗ್ಲೂ ಅವಳೇ ತಿರುಗಿಸೋದು. ತಣ್ಣನೆ ಎಂಜಿನ್ ಮೇಲೆ ಕಾರ್ ಶುರು ಮಾಡ್ಬಾರ್ದು ಅಂತಾಳೆ. ನರ್ಸ್ ಅಲ್ವಾ, ಎಂಜಿನ್ನಿಗೂ ಶುಶ್ರೂಷೆ."

"ಸುಳ್ಳು," ಎಂದೆ. ಸ್ಕ್ಯಾನರನ್ನು ನನ್ನ ಕಡೆ ಎಳೆದುಕೊಂಡೆ.

"ನಂಬೋದಿಲ್ವಾ? ಅವಳ ಗಂಡ ಗಣಿಗೆ ಹೋದ ವಾರ ನಾನಲ್ಲಿರ್ತೀನಿ. ಸೆಪ್ಟೆಂಬರಿನಿಂದ. ಪಕ್ಕದ ಮನೆಯವರು ಏಳೋಕೆ ಮೊದಲು, ಮೂರಕ್ಕೆ ಹೊರಟುಬಿಡ್ತೀನಿ. ಆವತ್ತೂ ಹಂಗೇ ಹೊರಟಿದ್ದೆ. ಗಾಡಿ ಶುರು ಮಾಡಿ ಗೇಟು ದಾಟೋ ಹೊತ್ತಿಗೆ ಮಾವನ ಫೋನು. ಅಲ್ಲಿಂದ ಸೀದಾ ಹೋದೆ. ಅಷ್ಟೇ ಆಗಿದ್ದು."

"ಅವಳು ಪೊಲೀಸರ ಮುಂದೆ…"

"ರಾತ್ರಿ ಒಬ್ಬಳೇ ಮಲಗಿದ್ದೆ ಅಂದಿದಾಳೆ. ನಾನೂ ನಮ್ಮನೇಲಿ ಮಲಗಿದ್ದೆ ಅಂದಿದೀನಿ. ಈಗ ನೀನು ಹೋಗಿ ಲೇಸ್ಕಿನೆನ್ ಹತ್ರ ಹತ್ತೊಂಬತ್ತು ಡಿಗ್ರಿ ಅನ್ನು. ಅವರೇನು ಮಾಡ್ತಾರೆ ಹೇಳು? ಮುದುಕನ್ನ ನೋಡ್ಕೋಳೋ ನರ್ಸು, ಮುದುಕ ಸತ್ರೆ ಮನೆ ಸಿಗೋ ಅಳಿಯ, ಇಬ್ರೂ ಒಂದೇ ಮನೇಲಿ, ಇಬ್ರೂ ಸುಳ್ಳು ಹೇಳಿದ್ರು. ಅವಸರದಲ್ಲಿ ತಗಡು ಮುಚ್ಚಿದ ಪೆದ್ದಿ ಅಂತ ಈಗ ಅಂದ್ಕೊಂಡಿದಾರೆ. ಆಮೇಲೆ ಪೆದ್ದಿ ಅನ್ನಲ್ಲ."

ಅವನು ಕೈಗವಸು ಹಾಕಿಕೊಂಡ. "ಗ್ಯಾರೇಜಿನವರು ಬಾಗಿಲು ತೆಗೆದ್ರಾ ನೋಡಿ ಬರ್ತೀನಿ. ಹತ್ತು ನಿಮಿಷ. ಯೋಚನೆ ಮಾಡು."

ಅವನು ರಸ್ತೆ ದಾಟುವುದನ್ನು ಕಿಟಕಿಯಿಂದ ನೋಡಿದೆ. ಗ್ಯಾರೇಜಿನ ಮುಂದೆ ನಿಂತ, ಬಾಗಿಲು ಬಡಿದ, ಕಾಲು ಝಾಡಿಸಿದ. ಅವನ ಫೋನು ಇನ್ನೂ ನಮ್ಮ ಕೌಂಟರಿನ ಮೇಲೆಯೇ ಇತ್ತು.

ಸುಳ್ಳಿರಬಹುದು. ಸಿಕ್ಕಿಬಿದ್ದವನು ಕೈಗೆ ಸಿಕ್ಕವರನ್ನು ಹಿಡಿದುಕೊಳ್ಳುತ್ತಾನೆ. ಸೈಲಾ ನನ್ನಿಂದ ಏನನ್ನೂ ಮುಚ್ಚಿಟ್ಟವಳಲ್ಲ. ಅಮ್ಮ ತೀರಿಕೊಂಡ ಮೇಲೆ ಅವಳ ಜಡೆ ಹೆಣೆದು ಶಾಲೆಗೆ ಕಳಿಸಿದವಳು ನಾನು. ಒಂದು ಮಾತು ಕೇಳಿದರೆ ತಿಳಿಯುತ್ತದೆ. ಫೋನ್ ಮಾಡಿದೆ. ಮಾಡುವಾಗಲೇ ನಿಶ್ಚಯಿಸಿದ್ದೆ: ರೈನೆಯ ಹೆಸರು ಎತ್ತುವುದಿಲ್ಲ, ಕಾರಿನ ಮಾತೂ ಎತ್ತುವುದಿಲ್ಲ. ನಿನ್ನೆಯಿಂದ ಈ ಬಗ್ಗೆ ಅವಳೊಂದಿಗೆ ನಾನು ಒಂದು ಅಕ್ಷರವೂ ಆಡಿರಲಿಲ್ಲ. ವೃಥಾ ಆಸೆ ಹುಟ್ಟಿಸಬಾರದೆಂದು.

"ಅಕ್ಕಾ? ಇಷ್ಟು ಬೇಗ?"

"ಎದ್ದಿದ್ಯಾ?"

"ಮಲಗಿದ್ರಲ್ವಾ ಏಳೋಕೆ. ಕಾಫಿ ಕುಡೀತಿದೀನಿ. ರೊಟ್ಟಿ ಗಂಟಲಲ್ಲಿ ಇಳೀತಿಲ್ಲ."

"ಸೈಲಾ, ಒಂದು ಕೇಳ್ತೀನಿ. ಮಂಗಳವಾರ ರಾತ್ರಿ ನಿನ್ನ ಮನೇಲಿ ಯಾರಾದ್ರೂ ಇದ್ರಾ?"

"ಯಾರಿರ್ತಾರೆ? ನಾನೊಬ್ಬಳೇ. ಒಂಬತ್ತೂವರೆಗೆ ಬಂದೆ, ಬಿದ್ಕೊಂಡೆ. ಹೇಳಿದ್ನಲ್ಲ."

ಬೇಗ ಬಂತು ಉತ್ತರ. ನನ್ನ ಪ್ರಶ್ನೆ ಮುಗಿಯುವ ಮೊದಲೇ ಬಂದ ಹಾಗಿತ್ತು.

"ಸರಿ," ಎಂದೆ. "ಸುಮ್ನೆ ಕೇಳ್ದೆ. ಏನಾದ್ರೂ ತಿನ್ನು."

ಫೋನ್ ಇಡಬೇಕು ಎನ್ನುವಷ್ಟರಲ್ಲಿ ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು.

"ಅಕ್ಕಾ…"

"ಏನು?"

"ಕಾಯಿಲ್ ಹಾಕಿದ್ಮೇಲೆ, ಕಾರೊಳಗೆ ಬರ್ಕೊಂಡಿರತ್ತಲ್ಲ, ಅದೆಲ್ಲ ಹೋಗ್ಬಿಡತ್ತೆ ಅಲ್ವಾ? ಪೂರ್ತಿ ಹೋಗತ್ತಾ?"

ಎದುರು ಗ್ಯಾರೇಜಿನ ದೊಡ್ಡ ಬಾಗಿಲು ಮೇಲೇರಿತು. ರೈನೆ ನಮ್ಮ ಕಡೆ ತಿರುಗಿ ಕೈಯೆತ್ತಿದ.

"ಹೋಗತ್ತೆ," ಎಂದೆ.

"ಹೂಂ," ಎಂದಳು ಸೈಲಾ. ಅವಳ ದನಿಯಲ್ಲಿ ಬುಧವಾರದಿಂದ ಇದ್ದ ನಡುಕ ಇರಲಿಲ್ಲ. ಫೋನ್ ಇಟ್ಟಳು.

ರೈನೆಯ ಫೋನು ಇಲ್ಲೇ ಇತ್ತು, ಅವನು ಈಗ ಹೇಳಿರಲಾರ. ಪ್ರೇಮವನ್ನು ಮುಚ್ಚಿಡುವವಳಿಗೆ ಎಂಜಿನ್ನಿನ ನೀರಿನ ಬಿಸಿ ಯಾಕೆ ಬೇಕು? ಗಂಡನ ಭಯವಿದ್ದವಳು ಪಕ್ಕದ ಮನೆಯ ಕಿಟಕಿಗೆ ಹೆದರುತ್ತಾಳೆ. ಕಾರು ಏನು ಬರೆದುಕೊಂಡಿದೆ ಎಂದು ವಿಚಾರಿಸುವುದಿಲ್ಲ. ಅಥವಾ ನಿನ್ನೆ ನಾನು ಸ್ಕ್ಯಾನರ್ ಓದಿದ್ದನ್ನು ಕಂಡ ರೈನೆ ಸಂಜೆ ಹೆದರಿ ಅವಳಿಗೆ ಎಲ್ಲ ಹೇಳಿರಬಹುದು, ಅವಳು ಬರೀ ಹೆದರಿರಬಹುದು. ಹೆದರಿದವರೂ ಹೀಗೆಯೇ ಕೇಳುತ್ತಾರೆ. ಆ ಒಂದು ಬೆರಳಿನ ಜಾಗವನ್ನು ಅವಳು ಬಿಟ್ಟು ಬಂದಿದ್ದಳು ಎಂಬುದಕ್ಕೆ ನನ್ನ ಹತ್ತಿರ ಇದ್ದದ್ದು ಅವಳ ಮಾತು ಮಾತ್ರ.

"ಏನೇ, ಬೆಳಗ್ಗೆನೇ ದೆವ್ವ ಕಂಡವಳ ಹಾಗೆ?" ತೈಸ್ತೊ ಬೂಟಿನ ಹಿಮ ಒದರುತ್ತಾ ಒಳಗೆ ಬಂದರು. ಕಾರಿನಿಂದ ನೇತಾಡುತ್ತಿದ್ದ ವೈರು ನೋಡಿದರು. "ನಿನ್ನೆ ನೋಡಿದ್ದೇ ಮತ್ತೆ ನೋಡ್ತಿದೀಯ. ಹೊಸದೇನಾದ್ರೂ ಸಿಕ್ತಾ?"

ಸ್ಕ್ಯಾನರಿನ ಪರದೆಯ ಮೇಲೆ ಒಂದು ಪ್ರಶ್ನೆ ಕಾದಿತ್ತು. ಓದಿದ್ದನ್ನು ಕೇಂದ್ರದ ಕಂಪ್ಯೂಟರಿನಲ್ಲಿ ಉಳಿಸಬೇಕೇ? ಹೌದು. ಬೇಡ.

ಉಳಿಸಿದರೆ ಅದು ಅಲ್ಲಿ ಹತ್ತು ವರ್ಷ ಇರುತ್ತದೆ. ಯಾವ ಪೊಲೀಸ್ ಬೇಕಾದರೂ ಕೇಳಿ ಪಡೆಯಬಹುದು.

ಹದಿನೇಳು ವರ್ಷದಲ್ಲಿ ನಾನು ಯಾವ ಕಾರಿನ ಬಗ್ಗೆಯೂ ಸುಳ್ಳು ಬರೆದಿಲ್ಲ. ಅಂದೂ ಬರೆಯಲಿಲ್ಲ. ಫಾರಮ್ ಎಳೆದುಕೊಂಡು, ಎಂಜಿನ್ ದೀಪ ಹತ್ತಿದೆ, ಮೂರನೇ ಕಾಯಿಲ್ ಕೆಟ್ಟಿದೆ, ದುರಸ್ತಿ ಮಾಡಿಸಿ ಮರಳಿ ತರಬೇಕು ಎಂದು ತುಂಬಿದೆ. ಪ್ರತಿಯೊಂದು ಮಾತೂ ನಿಜ.

"ಏನೂ ಇಲ್ಲ," ಎಂದೆ ತೈಸ್ತೊಗೆ.

ಬೇಡ ಎಂಬುದರ ಮೇಲೆ ಬೆರಳಿಟ್ಟೆ. ಪರದೆ ಖಾಲಿಯಾಯಿತು. ವೈರು ಕಿತ್ತು ಸುತ್ತಿಟ್ಟು, ರೈನೆಯ ಫೋನನ್ನು ಅವನ ಸೀಟಿನ ಮೇಲೆ ಹಾಕಿ, ಇಬ್ಬರೂ ಸೇರಿ ಕಾರನ್ನು ಅಂಗಳದವರೆಗೆ ನೂಕಿದೆವು. ಅಲ್ಲಿಂದ ಮುಂದೆ ಗ್ಯಾರೇಜಿನವರು ಎಳೆದುಕೊಂಡರು.

ಒಂಬತ್ತಕ್ಕೆ ಐದು ನಿಮಿಷ ಇರುವಾಗ ಫೋನ್ ರಿಂಗಾಯಿತು. ಲೇಸ್ಕಿನೆನ್. ಬೆಳಗ್ಗೆ ಆರಕ್ಕೇ ನಾನು ಅವರಿಗೆ ಒಂದು ಸಂದೇಶ ಬಿಟ್ಟಿದ್ದೆ, ಒಂದು ಮುಖ್ಯವಾದ ವಿಷಯ ಸಿಕ್ಕಿದೆ ಎಂದು.

"ಹೇಳಿ, ಏನದು?" ಎಂದರು ಅವರು. ಪೆನ್ನಿನ ಟೋಪಿ ತೆಗೆದ ಸದ್ದು ಕೇಳಿಸಿತು.

"ಕ್ಷಮಿಸಿ," ಎಂದೆ. "ನನ್ನ ತಪ್ಪು ತಿಳಿವಳಿಕೆ. ಅಂಥದ್ದೇನೂ ಇಲ್ಲ."

ಪೆನ್ನಿನ ಟೋಪಿ ಮತ್ತೆ ಮುಚ್ಚಿದ ಸದ್ದು ಬರಲಿಲ್ಲ. ಅವರು ಇನ್ನೊಂದು ಪ್ರಶ್ನೆ ಕೇಳುವ ಮೊದಲೇ ನಾನು ತೀರ್ಮಾನ ಮಾಡಿಯಾಗಿತ್ತು. ಇದನ್ನು ಯಾರಿಗೂ ಹೇಳುವುದಿಲ್ಲ. ಅವಳ ಆ ಪ್ರಶ್ನೆಯಿಂದ ನನಗೆ ಏನು ಅನ್ನಿಸಿತು ಎಂಬುದನ್ನು ಸೈಲಾಗಂತೂ ಎಂದಿಗೂ ಹೇಳುವುದಿಲ್ಲ.